ಇಪ್ಪತ್ತಮೂರನೇ ನಡೆಯಿಂದ

ಮೊದಲ ಇಪ್ಪತ್ತೆರಡು ನಡೆ ಬೇಡ, ಎಂದರು ಹ್ರಾನುಷ್.
ತಪ್ಪೆಲ್ಲ ಅಲ್ಲೇ ಆಗಿಹೋಗಿದೆ.
ತಪ್ಪು ಮಾಡಲು ನಿನಗೆ ಯಾರೂ ಕಲಿಸಬೇಕಿಲ್ಲ.

ಗ್ಯುಮ್ರಿಯ ಜನವರಿ. ಕಿಟಕಿಯ ಒಳಮೈಗೂ ಹಿಮದ ಪೊರೆ.
ಸೀಮೆಎಣ್ಣೆ ಒಲೆ, ಪಕ್ಕಕ್ಕೆ ಸ್ಟೂಲು, ಸ್ಟೂಲಿನ ಮೇಲೆ ಹಾಸು.
ಕಳೆದುಹೋದ ಕರಿ ಆನೆಯ ಜಾಗಕ್ಕೆ ದಾರ ಮುಗಿದ ಉರುಳೆ,
ಎರಡು ಕಾಲಾಳುಗಳ ಬದಲು ಜರ್ದಾಳು ಬೀಜ.

ನನಗೆ ಹನ್ನೊಂದು. ನನಗೆ ದಾಳಿ ಬೇಕಿತ್ತು,
ಕುದುರೆ ಹಾರಿಸಿ, ಮಂತ್ರಿಯನ್ನೇ ಬಲಿಕೊಟ್ಟು
ಎದುರಾಳಿಯ ರಾಜನನ್ನು ಮೂಲೆಗೆ ಅಟ್ಟುವ ಆಟ.
ಅವರು ತೆಗೆದದ್ದು ಹಳದಿಗಟ್ಟಿದ ಟೂರ್ನಿಯ ಹೊತ್ತಿಗೆ:
ಏಳನೇ ಸುತ್ತು, ನಾಲ್ಕನೇ ಮೇಜು.
ಬಿಳಿಯ ಒಂಟೆ, ಅದರ ಬೆನ್ನಿಗೆ ಮಂತ್ರಿ,
ಒಂದೇ ಓರೆಗೆರೆಯಲ್ಲಿ ನನ್ನ ರಾಜನನ್ನೇ ದಿಟ್ಟಿಸುತ್ತಿವೆ.
ಕರಿಕಾಯಿ ನಿನ್ನದು, ಎಂದರು. ಬದುಕಿ ತೋರಿಸು.

ಹದಿನಾಲ್ಕು ಸಂಜೆ ಸತ್ತೆ.
ಒಮ್ಮೆ ಅವಸರಕ್ಕೆ, ಒಮ್ಮೆ ಪುಕ್ಕಲುತನಕ್ಕೆ,
ಒಮ್ಮೆ ಬಿಟ್ಟಿ ಸಿಕ್ಕ ಕಾಲಾಳಿನ ಆಸೆಗೆ.
ಉಳಿದ ಹನ್ನೊಂದು ಸಲ ಯಾಕೆಂದೇ ತಿಳಿಯಲಿಲ್ಲ.

ನಿನ್ನ ಕಾಯಿಗಳನ್ನೇ ನೋಡುತ್ತೀಯ.
ಏಳು, ಅವನ ಕುರ್ಚಿಯಲ್ಲಿ ಕೂತು ನೋಡು. ಅವನಿಗೇನು ಬೇಕು?
ಹೋಗಿ ಕೂತೆ. ಆ ಕುರ್ಚಿ ಒಲೆಗೆ ಹತ್ತಿರ, ಬೆಚ್ಚಗಿತ್ತು.
ಅಲ್ಲಿಂದ ನನ್ನ ರಾಜ ಎಷ್ಟು ಸಣ್ಣವನು!
ಅಲ್ಲಿಂದ ಇದ್ದದ್ದು ಒಂದೇ ದಾರಿ.

ಭೂಕಂಪದ ನಂತರ ಮನೆಮನೆ ತಿರುಗಿ
ಬಿರುಕುಗಳ ಮೇಲೆ ಅಡ್ಡಲಾಗಿ ಬೆರಳುದ್ದ ಜಿಪ್ಸಮ್ ಮೆತ್ತಿ
ತಾರೀಕು ಗೀರಿ ಬರುವುದು ಅವರ ನೌಕರಿ.
ತಿಂಗಳು ಬಿಟ್ಟು ಹೋದಾಗ ಪಟ್ಟಿ ಸೀಳಿದ್ದರೆ
ಬಿರುಕು ಬೆಳೆಯುತ್ತಿದೆ, ಮಕ್ಕಳನ್ನೆತ್ತಿಕೊಂಡು ಹೊರಡಿ.
ಸೀಳದಿದ್ದರೆ ಅದು ಹಳೇ ಬಿರುಕು,
ಅದರ ಜೊತೆ ಸಂಸಾರ ಮಾಡಬಹುದು.
ಇದನ್ನವರು ಆಟದ ಮಾತಾಗಿ ಹೇಳಲಿಲ್ಲ.
ಚಹಾಕ್ಕೆ ನೀರಿಡುತ್ತ, ಸುಮ್ಮನೆ, ಯಾವುದೋ ಮಾತಿಗೆ ಹೇಳಿದರು.

ಹದಿನೈದನೇ ಸಂಜೆ ಉರುಳೆಯನ್ನು ಎತ್ತಿ
ನಡುಮನೆಯಲ್ಲಿಟ್ಟೆ,
ಕುದುರೆಯೂ ಒಂಟೆಯೂ ಕಡಿಯಬಹುದಾದ ಕಡೆ.
ಕೈ ನಡುಗಿತು. ಚಳಿಗೆ ಎಂದುಕೊಳ್ಳಲಿ.
ಅವರ ಕುದುರೆ ಕಡಿಯಿತು. ನನ್ನ ಜರ್ದಾಳು ಬೀಜ
ಅದನ್ನು ಕಡಿದು ಅಲ್ಲೇ ಕೂತಿತು.
ಒಂಟೆಯ ಎದುರಿಗೆ ಈಗ ಗೋಡೆ.

ಹ್ರಾನುಷ್ ಮಾತಾಡದೆ ಹೊತ್ತಿಗೆಯನ್ನು ನನ್ನತ್ತ ತಿರುಗಿಸಿದರು.
ಅದೇ ನಡೆ. ಅದರ ಪಕ್ಕ
ಯಾರೋ ಪೆನ್ಸಿಲಿನಲ್ಲಿ ಗೀಚಿದ ಪ್ರಶ್ನೆಚಿಹ್ನೆ,
ಆಮೇಲೆ ಯಾರೋ, ಬಹುಶಃ ಅವರೇ, ಅರ್ಧ ಉಜ್ಜಿ ಬಿಟ್ಟದ್ದು.

ಉಳಿದದ್ದು ಮೂವತ್ತೆಂಟು ನಡೆಗಳ ಬೇಸರ.
ರಾಜ ಒಂದು ಮನೆ ಅತ್ತ, ಒಂದು ಮನೆ ಇತ್ತ.
ಅರವತ್ತೊಂದಕ್ಕೆ ಡ್ರಾ.
ಇಷ್ಟೇನಾ, ಎಂದೆ.

ಅವರು ಹಾಸಿನ ಮೇಲಿನ ಕಾಲಾಳನ್ನೆತ್ತಿ
ಚಾಕುವಿನ ಹಿಡಿಯಲ್ಲಿ ಒಡೆದರು.
ಒಳಗಿನ ತಿರುಳು ತಾನೇ ಎರಡು ಹೋಳಾಯಿತು:
ಒಂದು ನನಗೆ, ಒಂದು ಅವರಿಗೆ.
ನಾಳೆಗೆ ಕಾಲಾಳು ಕಮ್ಮಿ ಬಿತ್ತಲ್ಲ, ಎಂದೆ ಅಗಿಯುತ್ತ.
ನಿನ್ನ ಕೋಟಿನ ಗುಂಡಿ ಸಡಿಲವಾಗಿದೆ, ಎಂದರು,
ಆಗಿನಿಂದ ನೋಡುತ್ತಿದ್ದೇನೆ.