ಬೀಗ ಕೊಡುವ ನಿಮಿಷ

ಬಂದರಿನ ಅಂಗಡಿಯಲ್ಲಿ ಪುತ್ತುಬಾವ
ಬೀಗವೊಂದನ್ನು ಬಂಗುಡೆಯ ಹಾಗೆ ಸೀಳಿ ಮಲಗಿಸಿ
ಹೊಟ್ಟೆಯೊಳಗಿನ ಲಿವರು ಎಣಿಸಿದರು.
ಏಳು.
"ಹಿತ್ತಿಲ ಬಾಗಿಲಿಗೆ ಐದು ಸಾಕು ಅಕ್ಕ,
ಎದುರಿಗೆ ಇದೇ ಇರಲಿ. ಮುದ್ರೆ ನೋಡಿ,
ಸುಮ್ಮನೆ ಒತ್ತಿದ್ದಲ್ಲ.
ಕೊರೆದು ನೋಡಿದ್ದಾರೆ, ಬಡಿದು ನೋಡಿದ್ದಾರೆ,
ಉಪ್ಪುನೀರು ಚಿಮುಕಿಸಿ ದಿನಗಟ್ಟಲೆ ಇಟ್ಟಿದ್ದಾರೆ."

ನಗು ಬಂತು. ಉಳ್ಳಾಲದ ನನ್ನ ಬಾಡಿಗೆಮನೆಯಲ್ಲಿ
ಆ ಪರೀಕ್ಷೆ ವರ್ಷವಿಡೀ ನಡೆಯುತ್ತದೆ,
ಕಿಟಕಿಯ ಸರಳು, ಸೈಕಲ್ಲು, ನನ್ನ ಕೈಗಡಿಯಾರ
ಎಲ್ಲ ನಪಾಸು.

"ಇದನ್ನು ಮುರಿಯಲಿಕ್ಕೆ ಆಗುವುದಿಲ್ಲವಾ?"
"ಮುರಿಯದ ಬೀಗ ಯಾವುದುಂಟು ಮಾರಾಯ್ರೆ?
ಬೀಗ ಕೊಡುವುದು ನಿಮಿಷ.
ನಿಮ್ಮ ಹಳೆಯದು ಅರ್ಧ ಕೊಡ್ತಿತ್ತು, ಇದು ಹತ್ತು."
ಮತ್ತೆ, ಚಿಲ್ಲರೆ ಎಣಿಸುತ್ತಾ,
"ಚೌಕಟ್ಟಿಗೆ ಉದ್ದದ ಸ್ಕ್ರೂ ಹಾಕಿಸಿ."

ರಾತ್ರಿಪಾಳಿಗೆ ಹೊರಟವಳು
ಹೊಸ ಕೀಲಿಯನ್ನು ಎರಡು ಸುತ್ತು ತಿರುಗಿಸಿದೆ.
ಹತ್ತು ನಿಮಿಷ, ಸರಿ.
ಅಷ್ಟರಲ್ಲಿ ಸದ್ದು ಕೇಳಿ ಬರುವವರು ಯಾರು?

ಎದುರುಮನೆಯಲ್ಲಿ ದೀಪ ಉರಿಯುತ್ತಿತ್ತು.
ಎಂಟು ತಿಂಗಳಾಯಿತು, ಹೆಸರು ಕೇಳಿಲ್ಲ.
ಹೋಗಿ ತಟ್ಟಿದೆ.
ಒಳಗಿಂದ ಮುದಿ ದನಿ:
"ತೆರೆದೇ ಉಂಟು, ದೂಡಿ."