ಸಮುದ್ರವಿಲ್ಲದವರ ನಮಸ್ಕಾರ

ನಮ್ಮ ದೇಶಕ್ಕೆ ಕಡಲಿಲ್ಲ. ಆದರೂ ನಾವು ಚೆಕ್ ಜನ
ಎದುರಾದವರಿಗೆಲ್ಲ 'ಅಹೋಯ್' ಅನ್ನುತ್ತೇವೆ,
ಹಡಗಿನಿಂದ ಹಡಗಿಗೆ ಕೂಗಬೇಕಾದ ಮಾತು
ಬ್ರನೋದ ಟ್ರ್ಯಾಮಿನಲ್ಲಿ, ಬ್ರೆಡ್ಡಿನಂಗಡಿಯ ಸಾಲಿನಲ್ಲಿ,
ಲಿಫ್ಟಿನಲ್ಲಿ ಸಿಕ್ಕ ಮೂರನೇ ಮಹಡಿಯವನಿಗೆ.
ಯಾಕೆಂದು ನಾನಂತೂ ಕೇಳಿಕೊಂಡವಳಲ್ಲ.

ರಾತ್ರಿ ಹನ್ನೊಂದಕ್ಕೆ ಹೊರಟೆವು.
ಕಾರಿನ ತಲೆಯ ಮೇಲೆ ಪೆಟ್ಟಿಗೆ, ಹಿಂದೆ
ಹದಿನಾರು ತುಂಡು ಕರಿದ ಮಾಂಸ, ಫಾಯಿಲಿನಲ್ಲಿ ಸುತ್ತಿದ್ದು
(ಹೊರಗೆ ತಿಂದರೆ ಕೈ ಸುಡುತ್ತದೆ, ಅತ್ತೆಯ ಲೆಕ್ಕ).
ಸ್ಟಿಯರಿಂಗ್ ನನ್ನದು. ವೊಯ್ತೇಖ್
ಟಾರ್ಚು ಹಿಡಿದು ಕೋಟೆಗಳ ಪಟ್ಟಿ ಓದಿದ.
ಆಸ್ಟ್ರಿಯಾ ಅವನ ಆಕಳಿಕೆಯಲ್ಲಿ ಮುಗಿಯಿತು,
ಸ್ಲೊವೇನಿಯಾದಲ್ಲಿ ಕ್ರಿಷ್ಟೊಫ್ ವಾಂತಿ ಮಾಡಿದ.
ಅತ್ತೆ ಬೊಹುಮಿಲಾ ಮಾತ್ರ ಕಣ್ಣು ಮುಚ್ಚಲಿಲ್ಲ.
ಗಡಿ ಹತ್ತಿರವಾದಾಗಲೆಲ್ಲ ಪಾಸ್‌ಪೋರ್ಟು ತೆಗೆದು
ತನ್ನ ಫೋಟೋ ಇರುವ ಪುಟ ಬಿಡಿಸಿ ಮಡಿಲಲ್ಲಿಟ್ಟು ಕಾದಳು.
ಯಾರೂ ಕೇಳಲಿಲ್ಲ. ಕೇಳುವವರೇ ಇರಲಿಲ್ಲ,
ಒಂದು ನೀಲಿ ಫಲಕ, ಅಷ್ಟೆ, ನೂರಿಪ್ಪತ್ತರ ವೇಗದಲ್ಲಿ.

ತ್ರೋಗಿರಿನ ಓಣಿಗಲ್ಲುಗಳು
ಬಳಸಿ ಸವೆದ ಸಾಬೂನಿನ ಹಾಗೆ.
ತೋಂಕಾಳ ಮನೆಯ ಎರಡು ಕೋಣೆ ಬಾಡಿಗೆಗೆ ನಮಗೆ;
ಅವಳ ಅಡುಗೆಮನೆ ಗೋಡೆಯೊಳಗೆ
ವೆನಿಸ್ಸಿನ ಸಿಂಹವೊಂದರ ಅರ್ಧ ಮುಖ,
ಅದರ ಕಿವಿಗೆ ಬೆಳ್ಳುಳ್ಳಿ ಗೊಂಚಲು.
'ಎಷ್ಟು ಹಳೆಯದು?' ವೊಯ್ತೇಖನ ಕೈಯಲ್ಲಿ ಪೆನ್ಸಿಲು.
'ಬೆಳ್ಳುಳ್ಳಿಯೇ? ಮೊನ್ನೆಯದು.'

ಮೊದಲ ಸಂಜೆ ಸುಟ್ಟ ಬೂತಾಯಿ ಮೀನು.
ಅತ್ತೆ ಮುಳ್ಳು ಚೀಪಿ, ಕಣ್ಣರಳಿಸಿ,
'ಊಜಸ್ನೀ!' ಅಂದಳು. ಅದ್ಭುತ, ಅಂತ.
ತೋಂಕಾಳ ಮುಖ ಕಪ್ಪಿಟ್ಟಿತು.
ಅವರ ಭಾಷೆಯಲ್ಲಿ ಅದೇ ಮಾತಿಗೆ ಅರ್ಥ
ಘೋರ, ಅಂತ.
ಅನೆಷ್ಕಾ ಫೋನು ಹಿಡಿದು ಸಂಧಾನಕ್ಕೆ ನಿಂತಳು.
ಅಕ್ಕತಂಗಿ ಭಾಷೆಗಳು; ಎಲ್ಲ ಅಕ್ಕತಂಗಿಯರ ಹಾಗೆ
ಒಂದೇ ಪಾತ್ರೆಯಲ್ಲಿ ಬೇರೆ ಬೇರೆ ಉಪ್ಪು.

ಸ್ಪ್ಲಿಟ್‌ನಲ್ಲಿ ಅರಮನೆಯ ಗೋಡೆಯಿಂದ ಗೋಡೆಗೆ ಹಗ್ಗ,
ಯಾರದೋ ಬನಿಯನ್ನು, ಯಾರದೋ ಬೆಡ್‌ಶೀಟು.
ಚಕ್ರವರ್ತಿಯೊಬ್ಬ ಪಟ್ಟ ಬಿಟ್ಟು ಬಂದು
ಇಲ್ಲಿ ಎಲೆಕೋಸು ಬೆಳೆದನಂತೆ.
'ಅಷ್ಟು ಕೋಸು ಯಾರು ತಿಂದರು?' ಕ್ರಿಷ್ಟೊಫ್ ಕೇಳಿದ.
ವೊಯ್ತೇಖ್ ಪುಟ ಹಿಂದೆ ಮುಂದೆ ಮಾಡಿದ.

ಇತ್ತ ನಾಲ್ಕು ದಿನ, ಅತ್ತೆ ಕಡಲಿಗೆ ಬೆನ್ನು ಹಾಕಿಯೇ ಕೂತಳು,
ತೋಂಕಾಳ ಜೊತೆ ಅವರೆಯಂಥದೇನೋ ಸುಲಿಯುತ್ತ.
'ಬಿಸಿಲು' ಅಂದಳು. 'ಮಂಡಿ' ಅಂದಳು.
ಆಮೇಲೆ, ಬುಟ್ಟಿಯೊಳಗೆ ನೋಡಿಕೊಂಡು:
'ಎಪ್ಪತ್ತನಾಲ್ಕರಲ್ಲಿ ಅರ್ಜಿ ಹಾಕಿದ್ದೆ, ಇಲ್ಲಿಗೇ.
ಹಳದಿ ಈಜುಡುಗೆಯನ್ನೂ ಕೊಂಡಿದ್ದೆ.
ತಮ್ಮ ಜರ್ಮನಿಗೆ ಓಡಿಹೋಗಿದ್ದ. ಸಹಿ ಹಾಕಲಿಲ್ಲ.'
ತೋಂಕಾ ಒಂದು ಕಾಯಿ ಬಿಡಿಸಿದಳು. 'ಆ ವರ್ಷ ನಾನು
ಇಟಲಿಗೆ ಬಸ್ಸಲ್ಲಿ ಹೋಗಿ, ಒಂದರ ಮೇಲೊಂದು
ಮೂರು ಜೀನ್ಸು ತೊಟ್ಟು ವಾಪಸು ಬಂದಿದ್ದೆ.
ಬೆವತು ಸತ್ತೆ.'
ಇಬ್ಬರೂ ನಕ್ಕರು, ಒಬ್ಬಳು ಸ್ವಲ್ಪ ತಡವಾಗಿ.
ಆ ಅರ್ಜಿಯ ವಿಷಯ ಮಗನಿಗೂ ಗೊತ್ತಿರಲಿಲ್ಲ.
ಈಜುಡುಗೆ ಏನಾಯಿತೆಂದು ನಾನು ಕೇಳಲಿಲ್ಲ.

ಐದನೇ ಬೆಳಗ್ಗೆ ಅವಳ ಹಾಸಿಗೆ ಖಾಲಿ.
ಓಣಿ ಓಣಿ ಹುಡುಕಿ, ದಡಕ್ಕೆ ಬಂದರೆ
ದೋಣಿಕಟ್ಟೆಯ ಕೊನೆಯ ಮೆಟ್ಟಿಲಲ್ಲಿ, ಮೊಣಕಾಲು ಮುಳುಗಿ,
ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಕೈಯಲ್ಲಿ.
ಬಗ್ಗಿ ಬೆರಳು ಅದ್ದಿ ನಾಲಿಗೆಗೆ ಇಟ್ಟಳು,
ಸಾರಿನ ರುಚಿ ನೋಡುವ ಹಾಗೆ. ಮತ್ತೊಮ್ಮೆ ಅದ್ದಿದಳು.

'ಅಹೋಯ್, ಅಜ್ಜೀ!' ಕ್ರಿಷ್ಟೊಫ್ ಕೂಗಿದ.
ಆಚೆ ಬಲೆ ಎಳೆಯುತ್ತಿದ್ದ ಮುದುಕ
ತನಗೇ ಅಂದುಕೊಂಡು ದೋಣಿಯಿಂದ ಕೈ ಎತ್ತಿದ.
ಅತ್ತೆ ಅವನನ್ನು ನೋಡಿದಳು, ನಮ್ಮನ್ನು ನೋಡಿದಳು,
ಯಾರಿಗೆ ಉತ್ತರ ಕೊಡಬೇಕೋ ತಿಳಿಯದೆ
ಎರಡೂ ಚಪ್ಪಲಿ ಮೇಲೆತ್ತಿ ಬೀಸಿದಳು.