ಹನಿ ಲೆಕ್ಕ

ಮೊದಲು ಒಂದು ಹನಿ ನೀರು.
ಮಿಷನ್ನು, ಬಾಟ್ಲಿ, ಬ್ರಶ್ಶು ಎಲ್ಲಾ ಆಮ್ಯಾಲ.
ಬೆರಳ ತುದಿಯಿಂದ ಬಿಡಬೇಕು, ಬಿಟ್ಟು ಎಣಿಸಬೇಕು.
ಐದರೊಳಗ ಕುಡದ್ರ ಕಲ್ಲಿಗೆ ನೀರಡಿಕಿ ಬಾಳ.
ಇಪ್ಪತ್ತರ ತನಕ ಕುಂತ್ರ ಅದು ಉಂಡ ಕಲ್ಲು.

ಇಳಕಲ್ಲಿನ್ಯಾಗ ನಾ ಇಪ್ಪತ್ತೆರಡು ವರ್ಷ
ಗ್ರಾನೈಟ್ ತಿಕ್ಕಿ ಕನ್ನಡಿ ಮಾಡಿದಾಂವ.
ಅದು ಗಟ್ಟಿ ಎದಿ. ಏನೂ ಕೇಳೂದಿಲ್ಲ, ಏನೂ ಹೇಳೂದಿಲ್ಲ.
ಗುಳೇದಗುಡ್ಡದ ಈ ಕೆಂಪು ಹಾಸುಗಲ್ಲು ಹಂಗಲ್ಲ;
ಮರಳು ಮರಳಿನ ಕೈ ಹಿಡಕೊಂಡು ನಿಂತದ್ದು,
ನಡುವ ಸಂದು,
ಸಂದಿನ್ಯಾಗ ಉಸಿರು.

ಮಗ್ಗದವರ ಹಳೇ ಚರ್ಚು.
ಇನ್ನೂರಾ ಹದಿನಾಕು ಕಲ್ಲು, ಎರಡು ಸಲ ಎಣಿಸೀನಿ.
ಖಜಾಂಚಿ ಯೋಬಪ್ಪ ಮಾಸ್ತರು ಬಾಗಿಲದಾಗ ನಿಂತು
'ಮುಖ ಕಾಣಬೇಕು ನೋಡು ದಾವಲಸಾಬ,
ಬಾಗಲಕೋಟಿ ಬ್ಯಾಂಕಿನ್ಯಾಗ ಕಂಡಂಗ' ಅಂದ್ರು.

ಮ್ಯಾಲ ಪದರು ಕಟ್ಟೂ ಬಾಟ್ಲಿ ಅಗ್ಗ, ಹೊಳಪೂ ಬಾಳ.
ಆದ್ರ ನೆಲದ ತೇವಕ್ಕ ಮ್ಯಾಲ ಬರೂ ದಾರಿ ತಪ್ಪಿ
ಮೂರನೇ ಮಳಿಗಾಲಕ್ಕ ಕಲ್ಲು ಹಪ್ಪಳದಂಗ ಏಳತದ.
ಬಾದಾಮಿ ಹಾದ್ಯಾಗಿನ ಒಂದು ಕಲ್ಯಾಣ ಮಂಟಪದಾಗ
ನಾನ ಹಂಗ ಮಾಡಿ ಬೈಸಿಕೊಂಡೀನಿ.
'ಒಳಗ ಇಳಿಯೂದು ಬ್ಯಾರೆ ಐತ್ರಿ.
ಹೊಳಿಯೂದಿಲ್ಲ. ಕಾಯತದ.'
ಮಾಸ್ತರು ರೇಟು ಕೇಳಿ ಒಂದು ಗಳಿಗಿ ಕಣ್ಣು ಮುಚ್ಚಿದ್ರು,
ಪ್ರಾರ್ಥನೆಯೋ ಲೆಕ್ಕವೋ ತಿಳೀಲಿಲ್ಲ.

ಆಸಿಡ್ ಬ್ಯಾಡ. ಬರೇ ನೀರು, ಮೆತ್ತನ್ನ ಬ್ರಶ್ಶು,
ಮೇಣದ ಹನಿಗೆ ಕಟ್ಟಿಗಿ ಚಮಚ.
ಮೂರು ದಿನ ಆರಾಕ ಬಿಟ್ಟು, ನಾಲ್ಕನೇ ದಿನ
ಸಾಲು ಹಿಡಿದು ಹನಿ ಬಿಟಗೋತ ಬಂದೆ.
ವೇದಿಕಿ ಮುಂದ ಮೂರು. ಮೂರು. ನಾಕು.
ಗಂಡಸರ ಕಡೆ ಐದು.
ಹೆಂಗಸರ ಕಡೆ, ಕಿಟಕಿ ಬಾಜೂಕಿನ ಕಲ್ಲು:
ಹತ್ತು, ಇಪ್ಪತ್ತು,
ನಲವತ್ತು.
ಹನಿ ಹಂಗ ಕುಂತೈತಿ, ಗುಂಡಗ,
ಕಿಟಕೀನ ತಲಿಕೆಳಗ ಮಾಡಿ ತನ್ನೊಳಗ ಇಟಗೊಂಡು.

'ಇದಕ್ಕ ಮದಲ ಯಾರು ಹೊಡದಾರ್ರಿ?'
ಕಸಬರಿಗಿ ಹಿಡದ ಸುವಾರ್ತವ್ವ ನಕ್ಕಳು.
'ನಮ್ಮತ್ತಿ. ವಾರಪೂರ್ತಿ ಕುಣಿಮಗ್ಗದಾಗ ಕಾಲಿಟ್ಟು ಖಣ ನೇದು
ಐತವಾರ ಬೆಂಚ ಒಲ್ಲೆ ಅಂತ ಇಲ್ಲೇ ಕೂಡತಿದ್ಲು.
ಮೊಣಕಾಲಿಗೆ ಕುಸುಬಿ ಎಣ್ಣಿ. ಪ್ರಸಂಗ ಉದ್ದ ಆದಷ್ಟೂ ತಿಕ್ಕತಿದ್ಲು.
ಮೂವತ್ತು ವರ್ಷ.'

ಕಮಿಟಿ ಪಟ್ಟಿಯೊಳಗ ಅದಕ್ಕ ನಂಬರ್ ಏಳು:
ಎಣ್ಣೆ ಕಲೆ, ತೆಗೆಸತಕ್ಕದ್ದು.
ತೆಗೀಬಹುದು. ಬಿಳಿ ಮಣ್ಣಿಗೆ ಔಷಧ ಕಲಸಿ, ಮೆತ್ತಿ,
ಪ್ಲಾಸ್ಟಿಕ್ ಮುಚ್ಚಿ ಒಂದು ರಾತ್ರಿ ಬಿಟ್ರ
ಕಲ್ಲಿನ ಹೊಟ್ಟಿಯಿಂದ ಜಗ್ಗಿ ತರತದ.
ಕಲಸಿದೆ. ಬುಟ್ಟಿ ಬಾಜೂಕ ಕುಂತೆ.
ಕೈಯಾಗಿಂದು ಗಟ್ಟಿ ಆಗಾಕ ಹತ್ತಿತು.
ಯಾಕ ಅಂತ ಕೇಳಬ್ಯಾಡ್ರಿ,
ಅಷ್ಟೂ ಒಯ್ದು ಪಡಸಾಲ್ಯಾಗಿನ
ಮಾಸ್ತರ ಸ್ಕೂಟರಿನ ಆಯಿಲ್ ಕಲಿಗೆ ಮೆತ್ತಿದೆ.

ಉಳದದ್ದಕ್ಕೆಲ್ಲಾ ಸೀಲರ್.
ಬಟ್ಟಿ ಅದ್ದಿ, ಹಿಂದ ಸರಕೋತ, ಬಾಗಿಲದ ಕಡೆ.
ಕುಡಿಯೂ ತನಕ ಕುಡಸಬೇಕು,
ಮಿಕ್ಕಿದ್ದು ಹತ್ತು ನಿಮಿಷದಾಗ ಒರಸಬೇಕು.
ಕಲ್ಲು ಒಂದು ಗಳಿಗಿ ಹಿಂಡಿದ ಸೀರಿಯಂಗ ಗಾಢಾಗಿ
ಮತ್ತ ತನ್ನ ಬಣ್ಣಕ್ಕ ಬರತದ.
ನೋಡಿದವರಿಗೆ ಇಲ್ಲೇನೂ ಮಾಡಿಲ್ಲ ಅನಸಬೇಕು.
ಕಡೀ ಸಾಲು ಒರಸೂದರೊಳಗ ಕರೆಂಟು ಹೋತು.
ವಾಸನಿ ಹೋಗಲಿ ಅಂತ ಬಾಗಿಲು ತೆರದಿಟ್ಟು ಮಲಗಿದೆ.

ಮುಂಜಾನೆ ಮಾಸ್ತರು ಬಿಲ್ಲು ನೋಡಿದ್ರು.
'ಇನ್ನೂರಾ ಹದಿಮೂರು ಬರದೀಯಲ್ಲ, ಒಂದು ಕಡಿಮಿ ಯಾಕ?'
'ಅದಕ್ಕ ಮದಲ ಹೊಡದಿತ್ರಿ.'
ಅವರ ಲಕ್ಷ್ಯ ನನ್ನ ಮಾತಿನ್ಯಾಗ ಇರಲಿಲ್ಲ.
ಹೊಸ್ತಿಲದ ಒಳಗ, ಕಡೀ ಸಾಲಿನ್ಯಾಗ,
ಆರು ಸಣ್ಣ ಗೊರಸು, ಒಣಗಿ ಕುಂತಿದ್ವು.
'ಗುಡಿಯೊಳಗ ಕುರಿಮರಿ ಬಿಟ್ಟೇನಲೇ!'
ಅಂದವರು ತಲಿ ಎತ್ತಿದ್ರ
ಗ್ವಾಡಿ ಮ್ಯಾಲಿನ ಕ್ಯಾಲೆಂಡರದಾಗ
ಕುರಿಮರಿ ಹೆಗಲಮ್ಯಾಲ ಹೊತ್ತಾಂವ ನಿಂತಿದ್ದ.
ಬಾಯಿ ಮುಚ್ಚಿ ರೊಕ್ಕ ಎಣಿಸಿದ್ರು.

ಸುವಾರ್ತವ್ವ ಚಹಾ ತಂದ್ಲು.
ಬಸಿ ವಾಲಿ ಒಂದು ಹನಿ ಕಲ್ಲಮ್ಯಾಲ ಬಿತ್ತು.
ಮೂರೂ ಮಂದಿ ಬಗ್ಗಿ
ಎಣಸಾಕ ಹತ್ತಿದಿವಿ.